ಕರುಳು, ಈಲಿ, ಬೋಟಿ: ಮಲೆನಾಡಿನ ಅಡುಗೆಮನೆಯ ಒಂದು ಅಲಿಖಿತ ಶಾಸ್ತ್ರ

1

ಕನ್ನಡದಲ್ಲಿ ಅಡುಗೆಯನ್ನು ಕುರಿತ ಬರವಣಿಗೆಗೆ ಸುಮಾರು ಸಾವಿರ ವರ್ಷಗಳ ಇತಿಹಾಸವಿದೆ. ಎರಡನೆಯ ಚಾವುಂಡರಾಯನ 'ಲೋಕೋಪಕಾರ'ದಲ್ಲಿ (ಸು. 1025) ಸೂಪಶಾಸ್ತ್ರಕ್ಕೆ ಸ್ಥಾನವಿದೆ. ಹದಿನಾರನೆಯ ಶತಮಾನದ ಆರಂಭದಲ್ಲಿದ್ದ ಮೂರನೆಯ ಮಂಗರಸನು 'ಸೂಪಶಾಸ್ತ್ರ'ವೆಂಬ ಹೆಸರಿನಲ್ಲಿಯೇ ಒಂದು ಸ್ವತಂತ್ರ ಕೃತಿಯನ್ನು ರಚಿಸಿದ್ದಾನೆ. ಮಲೆನಾಡನ್ನು ಆಳಿದ ಕೆಳದಿಯ ಬಸವಪ್ಪನಾಯಕನ ಸಂಸ್ಕೃತ ವಿಶ್ವಕೋಶ 'ಶಿವತತ್ತ್ವರತ್ನಾಕರ'ದಲ್ಲಿಯೂ ಪಾಕದ ವಿಚಾರ ಬರುತ್ತದೆ. ಈ ಕೃತಿಕಾರರಲ್ಲಿ ಮಂಗರಸನು ಜೈನ, ಕೊನೆಯವನು ವೀರಶೈವ ದೊರೆ. ಆದುದರಿಂದ ಕನ್ನಡ ನಾಡಿನ ಲಿಖಿತ ಪಾಕಶಾಸ್ತ್ರವು ಬಹುಮಟ್ಟಿಗೆ ಸಸ್ಯಾಹಾರದ ಶಾಸ್ತ್ರವಾಗಿಯೇ ಉಳಿದುದು ಸಹಜ. ಹಿಟ್ಟು, ಹಾಲು, ಬದನೆ, ಹಲಸು, ಬಾಳೆಗಳ ಬಗೆಗೆ ಅಲ್ಲಿ ಕಾಣುವ ಸೂಕ್ಷ್ಮತೆ ಮೆಚ್ಚುವಂಥದು. ಆದರೆ ನಾಡಿನ ದೊಡ್ಡ ಜನಸಮುದಾಯವು ಹಬ್ಬಕ್ಕೆ, ಹರಕೆಗೆ, ನೆಂಟರು ಬಂದಾಗ ಮಾಡುತ್ತ ಬಂದ ಅಡುಗೆಯ ತಿಳಿವಳಿಕೆಗೆ ಅಲ್ಲಿ ಜಾಗವಿಲ್ಲ. ಅದರಲ್ಲಿಯೂ ಪ್ರಾಣಿಯ ತಲೆ, ಕಾಲು, ಕರುಳು, ಹೊಟ್ಟೆ, ಈಲಿ, ನೆತ್ತರುಗಳನ್ನು ಶುಚಿಗೊಳಿಸಿ ಅಡುಗೆಗೆ ಅಣಿಮಾಡುವ ಕೆಲಸದ ಪ್ರಸ್ತಾಪವಂತೂ ಇಲ್ಲ.

ಇದಕ್ಕೆ ಒಂದು ದೊಡ್ಡ ಅಪವಾದವಿದೆ. ಕಲ್ಯಾಣದ ಚಾಲುಕ್ಯ ಅರಸ ಮೂರನೆಯ ಸೋಮೇಶ್ವರನ 'ಮಾನಸೋಲ್ಲಾಸ' (ಸು. 1129) ಸಂಸ್ಕೃತದಲ್ಲಿದ್ದರೂ ಕನ್ನಡ ನೆಲದ ಕೃತಿ. ಅದರ ಅನ್ನಭೋಗ ಪ್ರಕರಣದಲ್ಲಿ ಹಂದಿಯ ಕೂದಲನ್ನು ತೆಗೆಯುವ ವಿಧಾನಗಳಿವೆ: ಬಿಳಿಯ ಬಟ್ಟೆ ಹೊದಿಸಿ ಕುದಿನೀರು ಸುರಿದು ಕೂದಲನ್ನು ಕೈಯಿಂದ ಕೀಳುವುದು ಒಂದು, ಮಣ್ಣು ಮೆತ್ತಿ ಹುಲ್ಲಿನ ಬೆಂಕಿಯಲ್ಲಿ ಸುಡುವುದು ಇನ್ನೊಂದು. ಈಲಿಯನ್ನು ಅಡಿಕೆಯ ಗಾತ್ರಕ್ಕೆ ಕತ್ತರಿಸಿ ಕೆಂಡದ ಮೇಲೆ ಬೇಯಿಸುವ ಕ್ರಮವಿದೆ. ಕರುಳಿನಲ್ಲಿ ಮಸಾಲೆ ತುಂಬಿ ಸುಡುವ ಭಕ್ಷ್ಯವೂ ಇದೆ. ಅರಸನ ಊಟದ ವರ್ಣನೆಯಲ್ಲಿ ಇವೆಲ್ಲ ಯಾವ ಮುಜುಗರವೂ ಇಲ್ಲದೆ ಬರುತ್ತವೆ. ಹನ್ನೆರಡನೆಯ ಶತಮಾನದ ಅರಮನೆಯಲ್ಲಿ ಗೌರವದ ಭಕ್ಷ್ಯವಾಗಿದ್ದುದು ಮುಂದಿನ ಕನ್ನಡ ಬರವಣಿಗೆಯಲ್ಲಿ ಹೆಸರಿಲ್ಲದ ವಸ್ತುವಾದುದನ್ನು ಅಭಿರುಚಿಯ ಬದಲಾವಣೆಯೆಂದಷ್ಟೇ ಹೇಳಿ ಕೈಬಿಡಲಾಗದು. ಬರೆಯುವವರು ಯಾರು, ತೊಳೆಯುವವರು ಯಾರು ಎಂಬ ಪ್ರಶ್ನೆ ಇದರೊಳಗಿದೆ.

2

ಹಾಗೆಂದು ಕನ್ನಡ ಕಾವ್ಯಕ್ಕೆ ಕರುಳು, ಮಿದುಳು, ನೆತ್ತರುಗಳ ಪರಿಚಯವಿಲ್ಲವೆಂದಲ್ಲ. ಹಳಗನ್ನಡದಲ್ಲಿ ಈ ಪದಗಳು ಮುಖ್ಯವಾಗಿ ಎರಡು ಸಂದರ್ಭಗಳಲ್ಲಿ ಕಾಣಿಸಿಕೊಳ್ಳುತ್ತವೆ. ಒಂದು ರಣರಂಗ. ಪಂಪ, ರನ್ನರ ಯುದ್ಧವರ್ಣನೆಗಳಲ್ಲಿ ಹೆಣಗಳ ನಡುವೆ ಸುಳಿದಾಡುವ ಮರುಳುಗಳಿಗೆ ಅಡಗು, ಕರುಳು, ನೆತ್ತರುಗಳೇ ಔತಣ. ಎರಡನೆಯದು ಜೈನ ವೈರಾಗ್ಯಬೋಧೆ. ಹನ್ನೆರಡು ಅನುಪ್ರೇಕ್ಷೆಗಳಲ್ಲಿ ಒಂದಾದ ಅಶುಚಿತ್ವಾನುಪ್ರೇಕ್ಷೆಯು ದೇಹದ ಒಳಗನ್ನು ಹೊಲಸಿನ ಚೀಲವೆಂದು ಬಗೆದು ನೋಡುವ ಧ್ಯಾನ. ಜನ್ನನ 'ಯಶೋಧರ ಚರಿತೆ'ಯಲ್ಲಿ (1209) ಹಿಟ್ಟಿನ ಕೋಳಿಯನ್ನು ಬಲಿಕೊಟ್ಟ ಸಂಕಲ್ಪಹಿಂಸೆಗೂ ಜನ್ಮಜನ್ಮಾಂತರಗಳ ಬೆಲೆ ತೆರಬೇಕಾಗುತ್ತದೆ. ಅಂದರೆ ಶಿಷ್ಟ ಕಾವ್ಯಪರಂಪರೆಯಲ್ಲಿ ಕರುಳನ್ನು ತಿನ್ನುವವು ಮರುಳುಗಳು, ಕರುಳನ್ನು ನೋಡುವವರು ವಿರಾಗಿಗಳು. ಅದನ್ನು ತೊಳೆದು, ಬೇಯಿಸಿ, ಮಕ್ಕಳಿಗೆ ಬಡಿಸುವ ಹೆಂಗಸು ಈ ಪರಂಪರೆಯಲ್ಲಿ ಎಲ್ಲಿಯೂ ಎದುರಾಗುವುದಿಲ್ಲ.

ಕುತೂಹಲದ ಸಂಗತಿಯೆಂದರೆ ಆಡುಮಾತು ಈ ಎರಡೂ ದಾರಿಗಳನ್ನು ಹಿಡಿಯಲಿಲ್ಲ. 'ಹೆತ್ತ ಕರುಳು', 'ಕರುಳ ಕುಡಿ', 'ಕರುಳ ಬಳ್ಳಿ', 'ಕರುಳು ಕಿತ್ತು ಬರುವುದು', 'ಕರುಳು ಚುರ್ ಎನ್ನುವುದು', ಇವು ವಾತ್ಸಲ್ಯದ ನುಡಿಗಟ್ಟುಗಳು. 'ಗುಂಡಿಗೆ ಗಟ್ಟಿ'ಯಾಗುವುದು ಧೈರ್ಯದ ಮಾತು, 'ಪಿತ್ತ ನೆತ್ತಿಗೇರುವುದು' ಸಿಟ್ಟಿನ ಮಾತು. ಕರುಳು ಬಳ್ಳಿಯಂತೆ ಸುರುಳಿಸುತ್ತಿಕೊಂಡು ಒಂದಕ್ಕೊಂದು ಅಂಟಿಕೊಂಡಿರುತ್ತದೆ ಎಂಬುದನ್ನು ಕಣ್ಣಾರೆ ಕಂಡವರಿಗೆ ಮಾತ್ರ 'ಕರುಳ ಬಳ್ಳಿ'ಯಂತಹ ಪದ ಹೊಳೆಯಬಲ್ಲದು. ಈ ನುಡಿಗಟ್ಟುಗಳ ಹಿಂದೆ ಅಡುಗೆಮನೆಯ, ಹಿತ್ತಲಿನ ನೋಟವೂ ಕೆಲಸ ಮಾಡಿರಬೇಕೆಂದು ಊಹಿಸುವುದು ತಪ್ಪಾಗಲಾರದು.

3

ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳ ನಡುವಣ ಸೀತೂರಿನಂತಹ ಊರುಗಳ ಸುತ್ತಲಿನ ಪ್ರದೇಶ ಈ ವಿಷಯದ ಅಧ್ಯಯನಕ್ಕೆ ಹಲವು ಕಾರಣಗಳಿಂದ ಸೂಕ್ತವಾದುದು. ಒಂದು ಬದಿಗೆ ಶೃಂಗೇರಿಯ ಶಾರದಾಪೀಠ, ಇನ್ನೊಂದು ಬದಿಗೆ ಹಿಂದೆ ಎಡೇಹಳ್ಳಿ ಎನಿಸಿಕೊಂಡಿದ್ದ ನರಸಿಂಹರಾಜಪುರದ ಸಿಂಹನಗದ್ದೆಯ ಜ್ವಾಲಾಮಾಲಿನಿ ಬಸದಿ. ನಡುವೆ ಭೂತ, ಚೌಡಿ, ಮಾರಿಯರಿಗೆ ಕೋಳಿ ಕುರಿಗಳ ಹರಕೆ ಹೊತ್ತ ಒಕ್ಕಲುಗಳು. ಕನ್ನಡದ ಜೊತೆಗೆ ತುಳು, ಕೊಂಕಣಿ, ಬ್ಯಾರಿ, ಕೇರಳದಿಂದ ಬಂದು ನೆಲೆಸಿದವರ ಮಲಯಾಳಂ, ಕಾಫಿತೋಟಗಳಿಗೆ ದುಡಿಯಲು ಬಂದವರ ತಮಿಳು ಇಲ್ಲಿ ಕೇಳಿಸುತ್ತವೆ. ಸಂತೆಯ ಮಾಂಸದಂಗಡಿಯ ಮುಂದೆ ಈ ಎಲ್ಲ ಭಾಷೆಗಳೂ ಒಂದೆಡೆ ಸೇರುವುದರಿಂದ ಅಂಗಗಳ ಹೆಸರುಗಳೂ ಬೆರೆಯುತ್ತವೆ.

ಕುವೆಂಪು ಅವರು ಹುಟ್ಟಿದ್ದು ಇದೇ ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ, 1904ರಲ್ಲಿ. 'ಕಾನೂರು ಹೆಗ್ಗಡಿತಿ' (1936) ಮತ್ತು 'ಮಲೆಗಳಲ್ಲಿ ಮದುಮಗಳು' (1967) ಕಾದಂಬರಿಗಳು ಪಕ್ಕದ ತೀರ್ಥಹಳ್ಳಿ ಸೀಮೆಯ ಬೇಟೆ, ಹಂದಿ, ಕಳ್ಳು, ಕಡುಬುಗಳ ಲೋಕವನ್ನು ಸಂಕೋಚವಿಲ್ಲದೆ ಕಾವ್ಯದ ಎತ್ತರಕ್ಕೆ ಒಯ್ದವು. ಕನ್ನಡ ಸಾಹಿತ್ಯದಲ್ಲಿ ಮರುಳುಗಳ ಔತಣದಿಂದ ಮನುಷ್ಯರ ಊಟಕ್ಕೆ ಆದ ಪಲ್ಲಟದಲ್ಲಿ ಈ ಎರಡು ಕೃತಿಗಳ ಪಾತ್ರ ದೊಡ್ಡದು. ಆ ಬೇಟೆಯ ಲೋಕ ಈಗಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ನಂತರ ಕಾಡುಹಂದಿಯ ಪಾಲು ಹಂಚುವ ಪದ್ಧತಿ ನೆನಪಿನ ಮಾತಾಗಿದೆ. ಸಾಕಿದ ಹಂದಿ, ಮೇಕೆ, ನಾಟಿಕೋಳಿಗಳು ಉಳಿದುಕೊಂಡಿವೆ. ಕುರಿಗೆ ಮಲೆನಾಡಿನ ಮಳೆ ಒಗ್ಗದು. ಅದು ಬಯಲುಸೀಮೆಯಿಂದ ಬರಬೇಕು. ಆದ್ದರಿಂದ ಬೋಟಿಯ ಅಡುಗೆ ಇಲ್ಲಿ ಸಂತೆಯನ್ನೂ ಹರಕೆಯನ್ನೂ ಅವಲಂಬಿಸಿದ ಅಪರೂಪದ ಅಡುಗೆ. ಕೋಳಿಯ ಈಲಿ, ಹಂದಿಯ ಕರುಳುಗಳೇ ಹೆಚ್ಚು ಪರಿಚಿತ.

4

ಇಂಗ್ಲಿಷಿನ 'ಆಫಲ್' ಎಂಬುದಕ್ಕೆ ಕನ್ನಡದಲ್ಲಿ ಎಲ್ಲರೂ ಒಪ್ಪಿದ ಒಂದೇ ಪದವಿಲ್ಲ. ಇಂಗ್ಲಿಷ್ ಪದದ ಮೂಲಾರ್ಥ 'ಕೆಳಗೆ ಬಿದ್ದುದು', ಕಡಿಯುವಾಗ ಉದುರಿದ ಕಸ. ರೋಮಿನ ಮಾಂಸದ ಅಡುಗೆಯಲ್ಲಿ ಇದೇ ವಸ್ತುವಿಗೆ 'ಐದನೆಯ ಕಾಲುಭಾಗ' ಎಂಬ ಹೆಸರಿದೆ. ಪ್ರಾಣಿಯ ನಾಲ್ಕು ಕಾಲುಭಾಗಗಳನ್ನು ಉಳ್ಳವರು ಒಯ್ದ ಮೇಲೆ ಕಸಾಯಿಖಾನೆಯ ಕೂಲಿಗಳ ಕೈಗೆ ಬಂದುದು ಅದು. ಕನ್ನಡದಲ್ಲಿ ಬಳಕೆಯಲ್ಲಿರುವುದು ಒಟ್ಟುಹೆಸರಲ್ಲ, ಎಣಿಕೆ: 'ತಲೆ, ಕಾಲು, ಬೋಟಿ'. ಶಬ್ದಕೋಶಗಳಲ್ಲಿ ಸಿಗುವ 'ಒಳಾಂಗ', 'ಅಂತ್ರ' ಮೊದಲಾದವು ವೈದ್ಯದ ಪದಗಳೇ ಹೊರತು ಒಲೆಯ ಮುಂದಿನ ಪದಗಳಲ್ಲ. ಒಟ್ಟುಹೆಸರಿಲ್ಲದಿರುವುದನ್ನು ಭಾಷೆಯ ಕೊರತೆಯೆಂದು ತಿಳಿಯಬೇಕಿಲ್ಲ. ಪ್ರತಿಯೊಂದು ಅಂಗಕ್ಕೂ ಬೇರೆ ಶುಚಿ, ಬೇರೆ ಹದ, ಬೇರೆ ಪಾಲುದಾರ ಇರುವಲ್ಲಿ ಎಲ್ಲವನ್ನೂ ಒಂದು ಬುಟ್ಟಿಗೆ ಹಾಕುವ ಪದದ ಅಗತ್ಯ ಬೀಳುವುದಿಲ್ಲ.

ಬಿಡಿಹೆಸರುಗಳ ಇತಿಹಾಸ ಸ್ವಾರಸ್ಯಕರವಾದುದು. 'ಕರುಳು' ಹಳಗನ್ನಡದಿಂದ ಇಂದಿನವರೆಗೆ ಎಡೆಬಿಡದೆ ಬಂದ ಅಚ್ಚಗನ್ನಡ ಪದ. ದಕ್ಷಿಣ ಕರ್ನಾಟಕದ 'ಈಲಿ' ತಮಿಳಿನ 'ಈರಲ್' ಪದಕ್ಕೆ ಬಂಧು. ಅದೇ ಅಂಗಕ್ಕೆ ಇರುವ 'ಕಾಳಿಜ', 'ಕಾರಿಜ' ರೂಪಗಳು ಸಂಸ್ಕೃತದ 'ಕಾಲೇಯ'ದಿಂದ ಬಂದವು. ಇದೇ ಮೂಲದಿಂದ ಬಂದ ಮರಾಠಿಯ 'ಕಾಳೀಜ್' ಎಂಬುದು ಹೃದಯವನ್ನು ಹೇಳುತ್ತದೆ. ಹೆಚ್ಚಿನ ಪಲ್ಲಟ ಆಗಿರುವುದು 'ಬೋಟಿ'ಯಲ್ಲಿ. ಹಿಂದಿ, ಉರ್ದುಗಳಲ್ಲಿ ಬೋಟಿಯೆಂದರೆ ಮಾಂಸದ ತುಂಡು. ಕನ್ನಡದಲ್ಲಿ ಅದು ಮೆಲುಕುಹಾಕುವ ಪ್ರಾಣಿಯ ಹೊಟ್ಟೆ ಮತ್ತು ಕರುಳುಗಳಿಗೆ ಸೀಮಿತವಾಯಿತು. ಅಂಗಡಿಯ ಭಾಷೆಯಿಂದ ಹೆಸರು ಬಂದಿತು, ಕೆಲಸ ಮಾತ್ರ ಮನೆಯಲ್ಲಿಯೇ ಉಳಿಯಿತು. ಕೆಲಸವನ್ನು ಹೇಳುವ ಕ್ರಿಯಾಪದಗಳು ಇಂದಿಗೂ ಪೂರ್ತಿಯಾಗಿ ದೇಸಿ: ಬಗೆ, ಸೀಳು, ತೊಳೆ, ತಿಕ್ಕು, ಉಜ್ಜು, ಕೆರೆ, ಹೆರೆ, ಮಗುಚು, ಹಿಂಡು, ಸುಲಿ, ಸುಡು, ಬಸಿ. ಇವುಗಳಲ್ಲಿ ಯಾವುದನ್ನೂ ಇನ್ನೊಂದರ ಬದಲಿಗೆ ಬಳಸಲಾಗದು ಎಂಬುದು ಕೆಲಸದ ವಿವರಗಳನ್ನು ಗಮನಿಸಿದಾಗ ತಿಳಿಯುತ್ತದೆ.

5

ಬೋಟಿಯ ಶುಚಿ ಹೊತ್ತಿನೊಡನೆ ನಡೆಸುವ ಓಟ. ಮೇಕೆಯ ಹೊಟ್ಟೆಯಲ್ಲಿರುವ ಅರೆಜೀರ್ಣವಾದ ಮೇವು ಪ್ರಾಣಿ ಸತ್ತ ಮೇಲೆಯೂ ಹುಳಿಯುತ್ತಲೇ ಇರುತ್ತದೆ. ತಡವಾದಷ್ಟೂ ವಾಸನೆ ಗೋಡೆಯೊಳಗೆ ಇಳಿಯುತ್ತದೆ, ಆಮೇಲೆ ಯಾವ ಮಸಾಲೆಯೂ ಅದನ್ನು ಮುಚ್ಚಲಾರದು. ಆದುದರಿಂದ ಒಳಗಿನದನ್ನು ಬಿಡಿಸುವುದು ಮೊದಲ ಕೆಲಸ, ಮಾಂಸ ಕತ್ತರಿಸುವುದು ಆಮೇಲಿನದು. ಬಿಡಿಸುವಾಗ ಎಲ್ಲಕ್ಕಿಂತ ಮೊದಲು ಕಣ್ಣು ಪಿತ್ತದ ಚೀಲದ ಮೇಲಿರಬೇಕು. ಈಲಿಗೆ ಅಂಟಿಕೊಂಡ ಈ ಹಸಿರು ಚೀಲವನ್ನು ಒಡೆಯದಂತೆ, ಸುತ್ತಣ ಈಲಿಯ ಒಂದಿಷ್ಟು ಭಾಗ ಹೋದರೂ ಸರಿಯೆಂದು ಬಿಟ್ಟು ಕತ್ತರಿಸುತ್ತಾರೆ. ಒಡೆದರೆ ಕಹಿ ಹರಡುತ್ತದೆ, ಅದು ತಾಗಿದ ಭಾಗವನ್ನು ಕೊಯ್ದು ಎಸೆಯದೆ ಗತಿಯಿಲ್ಲ.

ಹೊಟ್ಟೆಯನ್ನು ಮನೆಯಿಂದ ದೂರ, ಗೊಬ್ಬರದ ಗುಂಡಿಯ ಬಳಿ ಸೀಳಿ ಮೇವನ್ನು ಸುರಿಯುವುದು ರೂಢಿ. ಅನಂತರ ತಣ್ಣೀರು, ಅದೂ ಹರಿಯುವ ನೀರಾದರೆ ಉತ್ತಮ. ಮೊದಲೇ ಬಿಸಿನೀರು ಸೋಕಿಸಿದರೆ ಹೊಲಸು ಅಂಟಿಕೊಳ್ಳುತ್ತದೆ. ಮೆಲುಕುಹಾಕುವ ಪ್ರಾಣಿಯ ಹೊಟ್ಟೆಗೆ ನಾಲ್ಕು ಕೋಣೆಗಳಿವೆ. ದೊಡ್ಡ ಚೀಲದ ಒಳಮೈ ಒರಟಾದ ಅಂಗವಸ್ತ್ರದಂತೆ ಸಣ್ಣ ಸಣ್ಣ ಕುಚ್ಚುಗಳಿಂದ ತುಂಬಿರುತ್ತದೆ. ಎರಡನೆಯದು ಜೇನುಹಲ್ಲೆಯಂತೆ. ಮೂರನೆಯದು ಪುಸ್ತಕದ ಹಾಳೆಗಳಂತೆ ಎಲೆ ಎಲೆಯಾಗಿ ಮಡಿಸಿಕೊಂಡಿರುತ್ತದೆ. ನಾಲ್ಕನೆಯದು ನುಣುಪು. ಹೆಚ್ಚು ಕೆಲಸ ಕೊಡುವುದು ಮೂರನೆಯದು. ಒಂದೊಂದು ಎಲೆಯನ್ನೂ ಬೆರಳಿನಿಂದ ಬಿಡಿಸಿ ಸಂದಿಯಲ್ಲಿ ಒಣಗಿ ಕುಳಿತ ಮೇವನ್ನು ತೆಗೆಯಬೇಕು. ಇಲ್ಲಿ 'ತಿಕ್ಕು'ವಂತಿಲ್ಲ, 'ಬಿಡಿಸಿ ತೊಳೆ'ಯಬೇಕು.

ಒಳಗಿನ ಕಪ್ಪು ಪೊರೆಯನ್ನು ತೆಗೆಯುವುದು ಮುಂದಿನ ಹಂತ. ಕೈಹದ ತಿಳಿಯುವುದು ಇಲ್ಲಿಯೇ. ಮಲೆನಾಡಿನ ಮನೆಗಳಲ್ಲಿ ಬಚ್ಚಲು ಒಲೆಯ ಹಂಡೆಯ ನೀರು ಇದಕ್ಕೆ ಒದಗುತ್ತದೆ. ನೀರು ಕೈ ಇಡಲಾರದಷ್ಟು ಬಿಸಿಯಾಗಿರಬೇಕು, ಆದರೆ ಕುದಿಯಬಾರದು. ಸುಮಾರು 65 ಡಿಗ್ರಿಯ ಆಸುಪಾಸಿನಲ್ಲಿ ಪೊರೆ ಸಡಿಲವಾಗಿ ಕೆರೆದರೆ ಬಿಟ್ಟುಬರುತ್ತದೆ. ಕುದಿನೀರಿನಲ್ಲಿ ಮುಳುಗಿಸಿದರೆ ಪೊರೆಯೂ ಅದರ ಕೆಳಗಿನ ಮಾಂಸವೂ ಒಟ್ಟಿಗೆ ಬೆಂದು ಬಿಗಿದುಕೊಳ್ಳುತ್ತವೆ. ಆಮೇಲೆ ಎಷ್ಟು ಕೆರೆದರೂ ಚೂರು ಚೂರಾಗಿ ಕಿತ್ತುಬರುತ್ತದೆಯೇ ಹೊರತು ಹಾಳೆಯಾಗಿ ಸುಲಿಯುವುದಿಲ್ಲ. ಕೆರೆಯಲು ಬಳಸುವುದು ಮೊಂಡ ಕತ್ತಿ ಅಥವಾ ಲೋಹದ ಚಮಚದ ಅಂಚು. ಹರಿತವಾದ ಮೆಟ್ಟುಗತ್ತಿಗೆ ಕತ್ತರಿಸುವ ಕೆಲಸ ಮಾತ್ರ. 'ಕೆರೆ'ಯುವುದು ಮೇಲಿನದನ್ನು ತೆಗೆಯುತ್ತದೆ, 'ಹೆರೆ'ಯುವುದು ಒಳಗಿನದನ್ನೂ ತೆಗೆದುಬಿಡುತ್ತದೆ. ತೆಂಗಿನಕಾಯಿಯನ್ನು ಹೆರೆಯುತ್ತಾರೆ, ಬೋಟಿಯನ್ನು ಕೆರೆಯುತ್ತಾರೆ. ಎಲೆಯಡಿಕೆಯ ಸುಣ್ಣವನ್ನು ನೀರಿನಲ್ಲಿ ಕದಡಿ ಸವರಿ ಸ್ವಲ್ಪ ಹೊತ್ತು ಬಿಡುವ ರೂಢಿಯೂ ಉಂಟು. ಸುಣ್ಣದ ಕ್ಷಾರಗುಣ ಪೊರೆಯನ್ನು ಮೆತ್ತಗಾಗಿಸುತ್ತದೆ. ಹೆಚ್ಚು ಹೊತ್ತು ಬಿಟ್ಟರೆ ಬೋಟಿಯೇ ಜಾರುಜಾರಾಗುತ್ತದೆ. ಸುಣ್ಣ ಹಾಕಿದ ಮೇಲೆ ತೊಳೆಯುವ ನೀರಿಗೆ ಲೆಕ್ಕವಿಲ್ಲ.

ಕರುಳಿನದು ಬೇರೆಯೇ ಕೌಶಲ. ಸುತ್ತಣ ಕೊಬ್ಬಿನ ಪರದೆಯನ್ನು ಬಿಡಿಸಿ, ಮೊಳದಷ್ಟು ಉದ್ದಕ್ಕೆ ತುಂಡರಿಸಿ, ಒಂದು ತುದಿಯನ್ನು ಅಗಲಿಸಿ ಚೊಂಬಿನಿಂದ ನೀರು ಬಿಡುತ್ತಾರೆ. ನೀರು ಇನ್ನೊಂದು ತುದಿಯಿಂದ ಹೊರಬರುವಾಗ ಒಳಗಿನದನ್ನೆಲ್ಲ ತಳ್ಳಿಕೊಂಡು ಬರುತ್ತದೆ. ಅನಂತರ 'ಮಗುಚುವುದು'. ತೆಳುವಾದ ನುಣುಪು ಕಡ್ಡಿಯ ತುದಿಗೆ ಕರುಳಿನ ಅಂಚನ್ನು ಸಿಕ್ಕಿಸಿ ಅದನ್ನು ಕಾಲುಚೀಲದಂತೆ ಒಳಹೊರಗು ಮಾಡುವ ಕೆಲಸವಿದು. ದೋಸೆ, ರೊಟ್ಟಿಗಳನ್ನು ಮಗುಚುವಾಗ ಮೇಲು ಕೆಳಗಾಗುತ್ತದೆ, ಕರುಳನ್ನು ಮಗುಚುವಾಗ ಒಳಗು ಹೊರಗಾಗುತ್ತದೆ. ಮಗುಚಿದ ಕರುಳಿಗೆ ಕಲ್ಲುಪ್ಪು, ಅಕ್ಕಿಹಿಟ್ಟು, ಅರಿಸಿನ ಸೇರಿಸಿ ಅಂಗೈಗಳ ನಡುವೆ ಉಜ್ಜಿದಾಗ ಲೋಳೆ ಹಿಟ್ಟಿಗೆ ಅಂಟಿ ಬರುತ್ತದೆ. ಉಪ್ಪಿನ ಹರಳು ಒರಟುತನಕ್ಕೆ, ಹಿಟ್ಟು ಲೋಳೆ ಹೀರಲು, ಅರಿಸಿನ ವಾಸನೆಗೆ. ಪುಡಿ ಉಪ್ಪು ಕರಗಿಹೋಗುವುದರಿಂದ ಈ ಕೆಲಸಕ್ಕೆ ಬಾರದು. ಎಷ್ಟು ಸಲ ತೊಳೆಯಬೇಕು ಎಂಬುದಕ್ಕೆ ಮೂಗೇ ಪ್ರಮಾಣ.

ಹೀಗೆ ಶುಚಿಯಾದುದನ್ನು ಅರಿಸಿನ ಹಾಕಿ ಒಂದು ಕುದಿ ಕುದಿಸಿ ಆ ನೀರನ್ನು ಬಸಿದು ಚೆಲ್ಲುತ್ತಾರೆ. ಆಮೇಲೆ ಮಾತ್ರ ಅದು ಅಡುಗೆಮನೆಯ ಒಳಕ್ಕೆ ಬರುತ್ತದೆ. ಹಿತ್ತಲು, ಬಚ್ಚಲು, ಒಲೆ ಎಂಬ ಈ ಮೂರು ತಾಣಗಳ ಕ್ರಮದಲ್ಲಿ ಒಂದು ಮಡಿಯ ಕಲ್ಪನೆಯೇ ಇದೆಯೆನ್ನಬಹುದು. ಮಡಿಯೆಂಬುದು ಸಸ್ಯಾಹಾರಿ ಮನೆಗಳ ಸ್ವತ್ತೆಂದು ಬಗೆಯುವ ಅಧ್ಯಯನಗಳು ಈ ಹಿತ್ತಲನ್ನು ಒಮ್ಮೆ ನೋಡಬೇಕು.

ತಲೆ, ಕಾಲುಗಳಿಗೆ ನೀರಿಗಿಂತ ಬೆಂಕಿ ಮುಖ್ಯ. ಕೂದಲನ್ನು ಉರಿಯಲ್ಲಿ ಸುಟ್ಟು, ಕರಕಲನ್ನು ಕೆರೆದು, ಗೊರಸಿನ ಚಿಪ್ಪನ್ನು ಬಿಸಿ ಇರುವಾಗಲೇ ತಿರುಚಿ ಕೀಳುತ್ತಾರೆ. ಹಂದಿಗೆ ಹುಲ್ಲಿನ ಬೆಂಕಿಯೂ ಕುದಿನೀರೂ ಎರಡೂ ಬಳಕೆಯಲ್ಲಿವೆ. ಒಂಬೈನೂರು ವರ್ಷಗಳ ಹಿಂದಿನ 'ಮಾನಸೋಲ್ಲಾಸ'ದ ಎರಡು ವಿಧಾನಗಳು ಇವೇ ಎಂಬುದನ್ನು ವಿಶೇಷವಾಗಿ ಹೇಳಬೇಕಿಲ್ಲ. ಮಿದುಳನ್ನು ತಣ್ಣೀರಿನಲ್ಲಿ ನೆನೆಸಿ ನವುರಾದ ಪೊರೆಯನ್ನು ರಕ್ತನಾಳಗಳ ಸಮೇತ ಬಿಡಿಸುತ್ತಾರೆ. ಶ್ವಾಸಕೋಶಕ್ಕೆ ಗಂಟಲನಾಳದ ಮೂಲಕ ನೀರು ತುಂಬಿ ಹಿಂಡುವುದುಂಟು. ಗಾಳಿ ತುಂಬಿದ ಅಂಗವಾದುದರಿಂದ ಬೇಯುವಾಗ ನೊರೆ ಉಕ್ಕುತ್ತದೆ, ಮುಚ್ಚಳ ಬಿಗಿಯುವಂತಿಲ್ಲ. ನೆತ್ತರನ್ನು ಪಾತ್ರೆಯಲ್ಲಿ ಹಿಡಿದು ಹೆಪ್ಪುಗಟ್ಟಿಸಿ, ಬೇಯಿಸಿ, ಪುಡಿಮಾಡಿ ಒಗ್ಗರಿಸುತ್ತಾರೆ. ಮೊಸರಿಗೂ ನೆತ್ತರಿಗೂ ಕನ್ನಡದಲ್ಲಿ 'ಹೆಪ್ಪು' ಒಂದೇ.

ಕೋಳಿಯದು ಚಿಕ್ಕ ಕೆಲಸ. ಬಿಸಿನೀರಿನಲ್ಲಿ ಅದ್ದಿ ಪುಕ್ಕ ಕಿತ್ತು, ಉಳಿದ ನವುರು ಕೂದಲನ್ನು ಉರಿಯಲ್ಲಿ ಸವರಿ, ಅರಿಸಿನ ಹಚ್ಚಿ ತೊಳೆಯುತ್ತಾರೆ. ಕಾಳು ಅರೆಯುವ ಗಟ್ಟಿ ಚೀಲವನ್ನು ಅಂಚಿನಲ್ಲಿ ಸೀಳಿ ಮರಳು, ಕಲ್ಲುಗಳನ್ನು ಚೆಲ್ಲಿ, ಒಳಗಿನ ಹಳದಿ ಪೊರೆಯನ್ನು ಉಗುರಿನಿಂದ ಎಬ್ಬಿಸಿ ಸುಲಿದರೆ ಮುಗಿಯಿತು. ಈಲಿಯನ್ನು ಕೆಂಡದಲ್ಲಿ ಸುಟ್ಟು ಒಲೆಯ ಸುತ್ತ ಕಾದು ಕುಳಿತ ಮಕ್ಕಳಿಗೆ ಕೊಡುವುದು ಹಲವು ಮನೆಗಳ ವಾಡಿಕೆ.

ಮೇಕೆಯ ಈಲಿಯನ್ನು ಮಾತ್ರ ನೋಡದೆ ಬೇಯಿಸುವಂತಿಲ್ಲ. ಮಲೆನಾಡಿನ ಗದ್ದೆಬಯಲು, ಜೌಗುನೆಲಗಳಲ್ಲಿ ಬಸವನಹುಳುಗಳ ಮೂಲಕ ಬೆಳೆದು ಹುಲ್ಲಿನ ಮೇಲೆ ಅಂಟಿಕೊಳ್ಳುವ ಎಲೆಯಾಕಾರದ ಹುಳು ಮೇಯುವ ಪ್ರಾಣಿಗಳ ಈಲಿಯನ್ನು ಸೇರುತ್ತದೆ. ಕತ್ತರಿಸಿದಾಗ ನಾಳಗಳು ದಪ್ಪಗಾಗಿ ಗಟ್ಟಿಯಾಗಿದ್ದರೆ, ಹುಳು ಕಂಡರೆ ಅಂತಹ ಈಲಿಯನ್ನು ಬಿಡಬೇಕು. ಈಲಿಯಲ್ಲಿಯೋ ಶ್ವಾಸಕೋಶದಲ್ಲಿಯೋ ನೀರುತುಂಬಿದ ಗುಳ್ಳೆಗಳಿದ್ದರೆ ಅವನ್ನು ನಾಯಿಗೆ ಎಸೆಯುವುದು ಇನ್ನೂ ದೊಡ್ಡ ತಪ್ಪು. ಆ ಗುಳ್ಳೆಯ ಹುಳು ನಾಯಿಯ ಕರುಳಿನಲ್ಲಿ ಬೆಳೆದು, ಅದರ ಮಲದ ಮೂಲಕ ಮನುಷ್ಯರಿಗೆ ತಗಲುತ್ತದೆ. ಹೂಳುವುದು ಅಥವಾ ಸುಡುವುದೇ ಸರಿ. ಚೆನ್ನಾಗಿರುವ ಈಲಿಗೆ ಹೆಚ್ಚು ಬೇಯುವುದು ಬೇಕಿಲ್ಲ. ಮೇಲಿನ ತೆಳುಪೊರೆಯನ್ನು ಸುಲಿದು, ತುಂಡರಿಸಿ, ಮೆಣಸಿನಪುಡಿಯೊಡನೆ ಬೇಗನೆ ಬಾಡಿಸಿ, ಉಪ್ಪನ್ನು ಕೊನೆಗೆ ಹಾಕಬೇಕು. ಬೋಟಿ ಇದಕ್ಕೆ ತದ್ವಿರುದ್ಧ. ಗಂಟೆಗಟ್ಟಲೆ ಬೆಂದರೆ ಮಾತ್ರ ಮೆತ್ತಗಾಗುತ್ತದೆ. ಬಯಲುಸೀಮೆಯಲ್ಲಿ ಕಡಲೆಕಾಳಿನೊಡನೆ ಸಾರಾಗಿಯೋ ಗೊಜ್ಜಾಗಿಯೋ ಮುದ್ದೆಗೆ, ಮಲೆನಾಡಿನಲ್ಲಿ ಕಡುಬಿಗೆ, ಅಕ್ಕಿರೊಟ್ಟಿಗೆ.

6

ಈ ಕೆಲಸವನ್ನು ಯಾರು ಮಾಡುತ್ತಾರೆ ಎಂಬುದು ಪಾಕಕ್ಕಿಂತ ಕ್ಲಿಷ್ಟವಾದ ವಿಷಯ. ಕಡಿಯುವುದು ಗಂಡಸಿನದು, ತೊಳೆಯುವುದು ಹೆಂಗಸಿನದು ಎಂಬ ವಿಂಗಡಣೆ ಮನೆಯೊಳಗಿನದು. ಮನೆಯ ಹೊರಗೆ ಜಾತಿಯ ವಿಂಗಡಣೆ ಬರುತ್ತದೆ. ಊರಹಬ್ಬದಲ್ಲಿ ತಲೆ ಯಾರಿಗೆ, ಕಾಲು ಯಾರಿಗೆ, ಕರುಳು ಯಾರಿಗೆ ಎಂಬ ಹಕ್ಕುಗಳ ಕಟ್ಟಳೆ ಗೌರವವನ್ನೂ ಅವಮಾನವನ್ನೂ ಒಟ್ಟಿಗೆ ಹಂಚುತ್ತಿತ್ತು. ಇದಕ್ಕೆ ಎದುರಾಗಿ ನಿಲ್ಲುವುದು ಹಳೆಯ ಮೈಸೂರು ಸೀಮೆಯ 'ಗುಡ್ಡೆಮಾಂಸ'ದ ಪದ್ಧತಿ. ಯುಗಾದಿಯ ಮರುದಿನದ ಹೊಸತೊಡಕಿಗೆ ಹತ್ತಾರು ಮನೆಗಳವರು ಹಣ ಹಾಕಿ ಪ್ರಾಣಿಯನ್ನು ಕೊಂಡು, ಮಾಂಸವನ್ನು ಗುಡ್ಡೆಗಳಾಗಿ ಪಾಲು ಹಾಕುವಾಗ ಈಲಿ, ಗುಂಡಿಗೆ, ಬೋಟಿಗಳನ್ನೂ ಸಣ್ಣಗೆ ತುಂಡರಿಸಿ ಪ್ರತಿ ಗುಡ್ಡೆಗೂ ಒಂದೊಂದು ಚೂರು ಬೀಳುವಂತೆ ನೋಡಿಕೊಳ್ಳುತ್ತಾರೆ. ಒಂದು ಗುಂಡಿಗೆಯನ್ನು ಇಪ್ಪತ್ತು ಪಾಲು ಮಾಡುವ ಈ ಲೆಕ್ಕಾಚಾರವು ರುಚಿಗಾಗಿ ಅಲ್ಲ, ನ್ಯಾಯಕ್ಕಾಗಿ.

ಕಾನೂನುಗಳೂ ಈ ಅಡುಗೆಯ ತಾಣವನ್ನು ಬದಲಿಸಿವೆ. ಪ್ರಾಣಿಬಲಿಯನ್ನು ನಿಷೇಧಿಸುವ 1959ರ ರಾಜ್ಯ ಕಾಯಿದೆಯು ದೇವಾಲಯದ ಆವರಣದ ಬಲಿಯನ್ನು ಅಪರಾಧವಾಗಿಸಿತು. 1964ರ ಗೋಹತ್ಯೆ ಕಾಯಿದೆಯ ಜಾಗಕ್ಕೆ ಬಂದ 2020ರ ಕಾಯಿದೆಯಿಂದಾಗಿ ದನದ ಮಾಂಸವನ್ನು ನೆಚ್ಚಿದ್ದ ಮನೆಗಳ ಒಲೆಗಳಲ್ಲಿ ಆ ಪ್ರಾಣಿಯ ಒಳಾಂಗಗಳ ಅಡುಗೆಗೆ ಅವಕಾಶ ಇಲ್ಲವಾಗುತ್ತ ಬಂದಿದೆ. ಯಾವ ನಿಲುವಿನಿಂದ ನೋಡಿದರೂ ಒಂದು ಮಾತನ್ನು ಒಪ್ಪಬೇಕು: ಆ ಅಡುಗೆಯೊಡನೆ ಹೋಗುವ ಪದಗಳು ದಾಖಲಾಗದೆ ಹೋಗುತ್ತಿವೆ. ಮರಾಠಿಯಲ್ಲಿ ಶಾಹು ಪಾಟೋಳೆಯವರು 2015ರಲ್ಲಿ ಮರಾಠವಾಡದ ದಲಿತ ಅಡುಗೆಯನ್ನು ಕುರಿತು ಪುಸ್ತಕವನ್ನೇ ತಂದರು. ಅದರ ಇಂಗ್ಲಿಷ್ ಅನುವಾದ 2024ರಲ್ಲಿ ಬಂದಿತು. ಕನ್ನಡದ ದಲಿತ ಆತ್ಮಕಥನಗಳಲ್ಲಿ ಊಟದ, ಹಸಿವಿನ ಪ್ರಸಂಗಗಳು ಸಾಕಷ್ಟಿದ್ದರೂ ಅವುಗಳನ್ನು ಹಸಿವಿನ ದಾಖಲೆಯೆಂದು ಓದಿದಷ್ಟು ಕೌಶಲದ ದಾಖಲೆಯೆಂದು ವಿಮರ್ಶೆ ಓದಿಲ್ಲ. ಅಪಮಾನದ ಕಥನವನ್ನು ಮಾತ್ರ ಹುಡುಕುವ ಓದು ಆ ಕೈಗಳ ಜಾಣತನವನ್ನು ಕಾಣದೆ ಹೋಗುವುದು ಇನ್ನೊಂದು ಬಗೆಯ ಅಪಮಾನವೇ ಸರಿ.

7

ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟು (1970-1995) ಶಾಸನ ಮತ್ತು ಗ್ರಂಥಗಳ ಪ್ರಯೋಗಗಳನ್ನು ಆಧರಿಸಿದ ಮಹಾಕಾರ್ಯ. ಆದರೆ ಗ್ರಂಥದಲ್ಲಿ ಬಾರದ ಅರ್ಥಕ್ಕೆ ಅಂತಹ ನಿಘಂಟಿನಲ್ಲಿ ಸ್ಥಳ ಸಿಗುವುದು ಕಷ್ಟ. ಪಾಕಶಾಸ್ತ್ರಗಳು ಒಳಗೊಳ್ಳದಿದ್ದುದನ್ನು ಕಾವ್ಯವು ಮರುಳುಗಳ ಪಾಲಿಗೆ ಬಿಟ್ಟಿತು, ಕಾವ್ಯದಲ್ಲಿ ಇಲ್ಲವೆಂದು ನಿಘಂಟು ಬಿಟ್ಟಿತು. ತೆಲುಗಿನಲ್ಲಿ ಭದ್ರಿರಾಜು ಕೃಷ್ಣಮೂರ್ತಿಯವರು 1962ರಲ್ಲಿಯೇ ಬೇಸಾಯದ ಮಾಂಡಲಿಕ ವೃತ್ತಿಪದಕೋಶವನ್ನು ಹೊರತಂದರು. ಉಡುಪಿಯಲ್ಲಿ ಸಿದ್ಧವಾದ ಆರು ಸಂಪುಟಗಳ 'ತುಳು ನಿಘಂಟು' (1988-1997) ಆಡುಮಾತಿನ, ಕಸುಬುಗಳ ಪದಗಳಿಗೆ ಧಾರಾಳವಾಗಿ ಬಾಗಿಲು ತೆರೆಯಿತು. ಹಂಪಿಯ ಕನ್ನಡ ವಿಶ್ವವಿದ್ಯಾಲಯವೂ ವೃತ್ತಿಪದಗಳ ಸಂಗ್ರಹದ ಕೆಲಸ ಮಾಡಿದೆ. ಆದರೆ 'ವೃತ್ತಿ'ಯೆಂಬ ಪರಿಕಲ್ಪನೆಯಲ್ಲಿಯೇ ಒಂದು ತೊಡಕಿದೆ. ಕುಂಬಾರಿಕೆ, ನೇಯ್ಗೆ, ಬಡಗಿತನಗಳು ವೃತ್ತಿಗಳಾಗುತ್ತವೆ. ಬಚ್ಚಲಿನಲ್ಲಿ ಕುಳಿತು ಕರುಳು ಮಗುಚುವುದು ಕೂಲಿಯಿಲ್ಲದ ಮನೆಗೆಲಸವಾದುದರಿಂದ ಅದು ವೃತ್ತಿಯೆನಿಸುವುದಿಲ್ಲ, ಆದುದರಿಂದ ಅದರ ಪದಗಳು ವೃತ್ತಿಪದಗಳೂ ಆಗುವುದಿಲ್ಲ.

ಇತ್ತೀಚಿನ ದಶಕಗಳಲ್ಲಿ ಪಟ್ಟಣದ ಅಂಗಡಿಗಳು ಬೋಟಿಯನ್ನು ಬೆಳ್ಳಗೆ ಶುಚಿಮಾಡಿ, ಕತ್ತರಿಸಿಯೇ ಕೊಡುತ್ತವೆ. ಕುಕ್ಕರ್ ಗಂಟೆಗಳ ಬೇಯುವಿಕೆಯನ್ನು ಕೆಲವೇ ಕೂಗುಗಳಿಗೆ ಇಳಿಸಿದೆ. ಅರ್ಧ ದಿನದ ಬೆನ್ನುನೋವು ತಪ್ಪಿದುದಕ್ಕೆ ಯಾವ ಹೆಂಗಸೂ ಮರುಗಬೇಕಿಲ್ಲ, ಸಂಶೋಧಕರು ಆಕೆಯ ಪರವಾಗಿ ಮರುಗುವುದಂತೂ ಸಲ್ಲದು. ಆದರೆ ಕುಕ್ಕರಿನ ಕೂಗನ್ನು ಎಣಿಸುವವರಿಗೆ 'ಕೆರೆ'ಗೂ 'ಹೆರೆ'ಗೂ ಇರುವ ಅಂತರ ತಿಳಿಯಬೇಕಾದ ಸಂದರ್ಭವೇ ಬರುವುದಿಲ್ಲ. ಮಲೆನಾಡಿನ ಮನೆಗಳಲ್ಲಿ ಈ ಪದಗಳನ್ನು ಕೈಯಲ್ಲಿ ಬಲ್ಲವರು ಈಗ ಅಜ್ಜಿಯರು. ಅವರನ್ನು ಪದ ಹೇಳಿರೆಂದು ಕೇಳಿದರೆ ಹೇಳಲಾರರು, ಕರುಳನ್ನು ಕೈಗಿತ್ತರೆ ಒಂದೊಂದಾಗಿ ಹೇಳುತ್ತಾರೆ. ಕ್ಷೇತ್ರಕಾರ್ಯಕ್ಕೆ ಹೋಗುವವರು ಪ್ರಶ್ನಾವಳಿಯನ್ನು ಬದಿಗಿಟ್ಟು ಬಚ್ಚಲಿನ ಹಂಡೆಗೆ ನೀರು ತುಂಬಬೇಕಾದುದು ಈ ಕಾರಣಕ್ಕಾಗಿ. ನಿಘಂಟಿನ 'ಮಗುಚು' ಎಂಬ ಉಲ್ಲೇಖದಲ್ಲಿ ದೋಸೆಯ ಅರ್ಥದ ಕೆಳಗೆ ಕರುಳಿನ ಅರ್ಥವೂ ಒಂದು ಸಾಲಾಗಿ ಸೇರಲು ಬೇಕಾದುದು ಒಂದು ಬೆಳಗಿನ ಕೆಲಸ ಮತ್ತು ಒಂದು ನುಣುಪಾದ ಕಡ್ಡಿ.